ಅರವತ್ತೈದರ ಮಸ್ಟಾಂಗ್‌ಗೆ ಅರವತ್ತೈದರ ನಂಬರ್ ಪ್ಲೇಟು

ಕ್ಯಾಲಿಫೋರ್ನಿಯಾದಲ್ಲಿ 1965ರ ಕಾರಿಗೆ 1965ರ ಕಾಲದ ನಂಬರ್ ಪ್ಲೇಟನ್ನೇ ಹಾಕಿಕೊಂಡು ರಸ್ತೆಗೆ ಇಳಿಯಬಹುದು. ಇದು ಗೋಡೆಗೆ ನೇತುಹಾಕುವ ಶೋಕಿ ಪ್ಲೇಟಲ್ಲ. ಸರ್ಕಾರದ ದಾಖಲೆಯಲ್ಲಿರುವ ಅಸಲಿ ನಂಬರ್. ಪೊಲೀಸರು ನಿಲ್ಲಿಸಿದರೆ ಅವರ ಕಂಪ್ಯೂಟರಿನಲ್ಲಿ ಅದೇ ನಂಬರ್ ಬರುತ್ತದೆ, ಇನ್ಶೂರೆನ್ಸ್ ಕೂಡ ಅದೇ ನಂಬರಿನ ಮೇಲಿರುತ್ತದೆ. ಇಂಥ ಪ್ಲೇಟಿಗೆ ಇಲ್ಲಿ ‘ಇಯರ್ ಆಫ್ ಮ್ಯಾನುಫ್ಯಾಕ್ಚರ್’ ಪ್ಲೇಟು ಅನ್ನುತ್ತಾರೆ. ಹಳೇ ಕಾರಿನವರ ಬಾಯಲ್ಲಿ ಅದು ವೈಓಎಂ. ನನ್ನ 1965ರ ಫೋರ್ಡ್ ಮಸ್ಟಾಂಗ್ ಕಾರಿಗೆ ನಾನು ಅದನ್ನು ಮಾಡಿಸಿಕೊಂಡೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ಹಳೇ ಕಾರು ಇಟ್ಟುಕೊಂಡ ಕನ್ನಡದವರು ಸಿಕ್ಕಾಗಲೆಲ್ಲ ಇದರ ಬಗ್ಗೆಯೇ ಕೇಳುತ್ತಾರೆ. ಹಾಗಾಗಿ ನಡೆದದ್ದನ್ನೆಲ್ಲ ಬರೆದಿಡುತ್ತಿದ್ದೇನೆ.

ಮೊದಲು ಕಾರಿನ ಬಗ್ಗೆ ಎರಡು ಮಾತು. ನಾನು ಇದನ್ನು ಕೊಂಡಿದ್ದು ನೆವಾಡಾದ ರೀನೋದಲ್ಲಿ. ಆದರೆ ಇದು ಹುಟ್ಟಿದ್ದು ನಮ್ಮ ಮನೆಯಿಂದ ಸ್ವಲ್ಪವೇ ದೂರದ ಮಿಲ್ಪಿಟಾಸ್‌ನಲ್ಲಿ. ಫೋರ್ಡ್ ಕಂಪನಿಯ ಸ್ಯಾನ್ ಹೋಸೆ ಕಾರ್ಖಾನೆ 1955ರಿಂದ 1983ರವರೆಗೆ ಅಲ್ಲಿ ನಡೆಯಿತು. ಈಗ ಆ ಜಾಗದಲ್ಲಿರುವುದು ಗ್ರೇಟ್ ಮಾಲ್. ಅಲ್ಲಿ ಬಟ್ಟೆ, ಬೂಟು ಕೊಳ್ಳಲು ಹೋಗುವ ನಮ್ಮವರಲ್ಲಿ ಎಷ್ಟು ಜನಕ್ಕೆ ಗೊತ್ತೋ, ಆ ನೆಲದಲ್ಲಿ ಮಸ್ಟಾಂಗ್‌ಗಳು ಸಾಲಾಗಿ ತಯಾರಾಗುತ್ತಿದ್ದವು. ಕಾರ್ಖಾನೆಯಲ್ಲೇ ಕಾರಿಗೆ ಹೊಡೆಯುವ ಗುರುತಿನ ನಂಬರ್, ಅಂದರೆ ವಿಐಎನ್, ನೋಡಿದರೇ ಇದು ತಿಳಿಯುತ್ತದೆ. ನನ್ನದು 5ಆರ್07ಸಿ ಅಂತ ಶುರುವಾಗುತ್ತದೆ. 5 ಅಂದರೆ 1965ರ ಮಾಡೆಲ್, ಆರ್ ಅಂದರೆ ಸ್ಯಾನ್ ಹೋಸೆ ಕಾರ್ಖಾನೆ, 07 ಅಂದರೆ ಎರಡು ಬಾಗಿಲಿನ ಹಾರ್ಡ್‌ಟಾಪ್, ಸಿ ಅಂದರೆ 289 ಕ್ಯೂಬಿಕ್ ಇಂಚಿನ ವಿ8 ಎಂಜಿನ್. ಆ ‘ಆರ್’ ನೋಡಿದ ಮೇಲೆ ಬೇರೆ ಕಾರು ನೋಡುವ ಮನಸ್ಸೇ ಆಗಲಿಲ್ಲ. ಇಲ್ಲೇ ಹುಟ್ಟಿ ಊರು ಬಿಟ್ಟು ಹೋದ ಕಾರು ವಾಪಸ್ ಇಲ್ಲಿಗೇ ಬರಲಿ ಅನ್ನಿಸಿತು. ಬಂದ ಮೇಲೆ ಅದರ ಕಾಲದ ಪ್ಲೇಟೇ ಅದರ ಮೇಲಿರಬೇಕು ಅಂತಲೂ ಅನ್ನಿಸಿತು.

ಹೊರರಾಜ್ಯದಿಂದ ಬಂದ ಗಾಡಿಗೆ ಇಲ್ಲಿ ಮೊದಲು ವಿಐಎನ್ ಪರಿಶೀಲನೆ ಆಗಬೇಕು. ಡಿಎಂವಿ ಅಂದರೆ ನಮ್ಮ ಆರ್‌ಟಿಓ ಇದ್ದ ಹಾಗೆ. ಅಲ್ಲಿನ ಸಿಬ್ಬಂದಿಯಾಗಲಿ, ಹೆದ್ದಾರಿ ಪೊಲೀಸರಾಗಲಿ, ಲೈಸೆನ್ಸ್ ಇರುವ ಖಾಸಗಿ ಪರಿಶೀಲಕರಾಗಲಿ ಕಾರನ್ನು ಕಣ್ಣಾರೆ ನೋಡಿ ರೆಗ್ 31 ಅನ್ನುವ ಫಾರಂ ತುಂಬುತ್ತಾರೆ. ಈಗಿನ ಕಾರುಗಳಲ್ಲಿ ಮುಂದಿನ ಗಾಜಿನ ಮೂಲೆಯಲ್ಲೇ ಈ ನಂಬರ್ ಕಾಣಿಸುತ್ತದೆ. 1965ರ ಮಸ್ಟಾಂಗ್‌ನಲ್ಲಿ ಅಲ್ಲಿ ಏನೂ ಇರುವುದಿಲ್ಲ. ಬಾನೆಟ್ ಎತ್ತಿ, ಡ್ರೈವರ್ ಕಡೆಯ ಫೆಂಡರಿನ, ಅಂದರೆ ಮಡ್‌ಗಾರ್ಡಿನ, ಒಳಮೈ ನೋಡಬೇಕು. ಫೆಂಡರಿನ ಅಂಚನ್ನು ಅಲ್ಲಿ ಸ್ವಲ್ಪ ಕತ್ತರಿಸಿರುತ್ತಾರೆ, ಆ ಸಂದಿಯಲ್ಲಿ ತಗಡಿಗೆ ಹೊಡೆದ ಅಕ್ಷರಗಳು ಕಾಣುತ್ತವೆ. ಬಾಗಿಲ ಮೇಲಿನ ಚಿಕ್ಕ ತಗಡಿನ ಪಟ್ಟಿಯಲ್ಲೂ ನಂಬರ್ ಇದೆ. ಆದರೆ ಬಾಗಿಲು ಬದಲಾಗಿರಬಹುದಲ್ವಾ, ಅದಕ್ಕೇ ಒಳಗಿನದನ್ನೇ ನೋಡುತ್ತಾರೆ. ನಾನು ಮೊದಲೇ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಅರವತ್ತು ವರ್ಷದ ಜಿಡ್ಡು ಒರೆಸಿಟ್ಟಿದ್ದೆ. ಬಂದವರು ಟಾರ್ಚ್ ಬಿಟ್ಟು ಒಂದೊಂದೇ ಅಕ್ಷರ ಓದಿ, ಎರಡೂ ನಂಬರ್ ತಾಳೆಯಾಗುತ್ತದೆ ಅಂತ ಸಹಿ ಹಾಕಿದರು. ಹೊಗೆ ತಪಾಸಣೆ ಬೇಕಾಗಲಿಲ್ಲ. 1975 ಮತ್ತು ಅದಕ್ಕೂ ಹಳೆಯ ಪೆಟ್ರೋಲ್ ಗಾಡಿಗಳಿಗೆ ಇಲ್ಲಿ ವಿನಾಯಿತಿ ಇದೆ. ತೆರಿಗೆ ಕಟ್ಟಿದೆ, ನೋಂದಣಿ ಆಯಿತು, ಎಲ್ಲರಿಗೂ ಕೊಡುವ ಬಿಳಿ ಪ್ಲೇಟು ಕೈಗೆ ಬಂತು. ಅದನ್ನು ಆ ಕಾರಿನ ಕ್ರೋಮ್ ಬಂಪರ್ ಮೇಲೆ ನೋಡುವುದಕ್ಕೇ ಕಷ್ಟವಾಗುತ್ತಿತ್ತು.

ನಿಜವಾದ ಕೆಲಸ ಶುರುವಾದದ್ದು ಇಲ್ಲಿಂದ. ವೈಓಎಂಗೆ ಸರ್ಕಾರ ಪ್ಲೇಟು ಕೊಡುವುದಿಲ್ಲ. ಆ ಕಾಲದಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರವೇ ಹೊರಡಿಸಿದ ಹಳೇ ಪ್ಲೇಟನ್ನು ನಾವೇ ಹುಡುಕಿ ತರಬೇಕು. ಇಲ್ಲಿನ ವಾಹನ ಸಂಹಿತೆಯ 5004.1ನೇ ಸೆಕ್ಷನ್ ಹೇಳುವುದು ಇಷ್ಟು: ಪ್ಲೇಟಿನ ವರ್ಷ ಕಾರಿನ ಮಾಡೆಲ್ ವರ್ಷಕ್ಕೆ ಹೊಂದಬೇಕು, ಓದಲು ಬರಬೇಕು, ಬಳಸುವ ಸ್ಥಿತಿಯಲ್ಲಿರಬೇಕು, ಡಿಎಂವಿ ಒಪ್ಪಬೇಕು. ವರ್ಷ ಹೊಂದುತ್ತದೋ ಇಲ್ಲವೋ ಅಂತ ಅನುಮಾನ ಬಂದರೆ ಹಳೇ ಕಾರಿನ ಹವ್ಯಾಸಿಗಳ ಸಂಘವನ್ನು ಇಲಾಖೆ ಕೇಳಬಹುದು ಅಂತಲೂ ಅದರಲ್ಲಿದೆ. ಗೊತ್ತಿದ್ದವರನ್ನು ಕೇಳಿ ಅಂತ ಕಾನೂನಿನಲ್ಲೇ ಬರೆದಿರುವುದು ನನಗೆ ತುಂಬಾ ಹಿಡಿಸಿತು.

ಕ್ಯಾಲಿಫೋರ್ನಿಯಾದಲ್ಲಿ 1956ರಲ್ಲಿ ಬಂದದ್ದು ಹಳದಿ ಪ್ಲೇಟು, ಅದರ ಮೇಲೆ ಕಪ್ಪು ಅಕ್ಷರ. 1963ರಲ್ಲಿ ಅದು ಉಲ್ಟಾ ಆಯಿತು: ಕಪ್ಪು ಪ್ಲೇಟು, ಹಳದಿ ಅಕ್ಷರ. ಅರವತ್ತರ ದಶಕದ ಕೊನೆಗೆ ನೀಲಿ ಪ್ಲೇಟು ಬಂತು. ನನ್ನ ಕಾರಿಗೆ ಬೇಕಾದದ್ದು ಕಪ್ಪು ಪ್ಲೇಟು, ಮೂರು ಅಕ್ಷರ ಮೂರು ಅಂಕಿಯದ್ದು. ಪ್ರತಿ ವರ್ಷ ಹೊಸ ಪ್ಲೇಟು ಕೊಡುವ ಬದಲು ಮೂಲೆಗೆ ಆ ವರ್ಷದ ಸ್ಟಿಕ್ಕರ್ ಅಂಟಿಸುತ್ತಿದ್ದರು. ಹಾಗಾಗಿ ಬರೀ ಕಪ್ಪು ಪ್ಲೇಟು ಸಾಲದು, 65ರ ಸ್ಟಿಕ್ಕರ್ ಕೂಡ ಬೇಕು. ಮುಂದೆ ಹಿಂದೆ ಎರಡೂ ಬೇಕು, ಎರಡೂ ಒಂದೇ ನಂಬರಿನ ಜೋಡಿ ಆಗಿರಬೇಕು. ಈ ಜೋಡಿಯೇ ದೊಡ್ಡ ತಲೆನೋವು. ಒಂಟಿ ಪ್ಲೇಟು ಎಲ್ಲೆಂದರಲ್ಲಿ ಸಿಗುತ್ತದೆ. ಯಾರದೋ ಗ್ಯಾರೇಜಿನಲ್ಲಿ ಒಂದು ಉಳಿದಿರುತ್ತದೆ, ಇನ್ನೊಂದು ಗುಜರಿಗೆ ಹೋಗಿರುತ್ತದೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ರಸ್ತೆಯಲ್ಲಿ ಹೊಚ್ಚಹೊಸ ಟೆಸ್ಲಾಗಳ ಮೇಲೂ ಕಪ್ಪು ಪ್ಲೇಟು ನೋಡಿರುತ್ತೀರಿ. ಅದು ವೈಓಎಂ ಅಲ್ಲ, ‘ಲೆಗಸಿ’ ಪ್ಲೇಟು. ಹಳೆಯ ವಿನ್ಯಾಸದ ಪ್ಲೇಟು ಬೇಕು ಅಂತ 7,500 ಅರ್ಜಿ ಬಂದರೆ ಮಾಡಿಕೊಡುತ್ತೇವೆ ಅಂತ ರಾಜ್ಯ ಹೇಳಿತ್ತು. ಐವತ್ತರ ದಶಕದ ಹಳದಿಗೂ ಎಪ್ಪತ್ತರ ದಶಕದ ನೀಲಿಗೂ ಅಷ್ಟು ಜನ ಬರಲಿಲ್ಲ, ಅರವತ್ತರ ಕಪ್ಪು ಗೆದ್ದಿತು. 2015ರಿಂದ ಅದು ಸಿಗುತ್ತಿದೆ, ಯಾವ ವರ್ಷದ ಗಾಡಿಗೆ ಬೇಕಾದರೂ ಹಾಕಿಕೊಳ್ಳಬಹುದು. ಚೆನ್ನಾಗೇ ಕಾಣುತ್ತದೆ. ಆದರೆ ಅದು ಈಗ ಅಚ್ಚಾದ ಪ್ಲೇಟು. ನನಗೆ ಬೇಕಿದ್ದದ್ದು 1965ರ ಬಿಸಿಲು ಕಂಡ ಪ್ಲೇಟು.

ಹಳೇ ಕಾರಿನ ಸಾಮಾನಿನ ಸಂತೆಗೆ ಇಲ್ಲಿ ಸ್ವಾಪ್ ಮೀಟ್ ಅನ್ನುತ್ತಾರೆ. ಬೆಳಕು ಹರಿಯುವ ಮುಂಚೆಯೇ ಹೋಗಬೇಕು, ಒಳ್ಳೆಯದೆಲ್ಲ ಟಾರ್ಚ್ ಬೆಳಕಿನಲ್ಲೇ ಮಾರಾಟವಾಗಿರುತ್ತದೆ. ಪ್ಲೇಟು ಮಾರುವವರು ರಟ್ಟಿನ ಡಬ್ಬದಲ್ಲಿ ವರ್ಷದ ಪ್ರಕಾರ ನಿಲ್ಲಿಸಿಟ್ಟಿರುತ್ತಾರೆ. ಬೆರಳಿನಿಂದ ಸರಿಸುತ್ತಾ ಹೋದರೆ ತಗಡಿಗೆ ತಗಡು ತಾಗಿ ಟಿಣ್ ಟಿಣ್ ಅನ್ನುತ್ತದೆ. ಇವರಲ್ಲಿ ಸುಮಾರು ಜನ 1954ರಲ್ಲಿ ಶುರುವಾದ ನಂಬರ್ ಪ್ಲೇಟು ಸಂಗ್ರಹಕಾರರ ಸಂಘದ ಸದಸ್ಯರು. ಯಾವ ಅಕ್ಷರ ಯಾವ ವರ್ಷದಲ್ಲಿ ಹೊರಬಂತು ಅಂತ ಬಾಯಲ್ಲೇ ಹೇಳುತ್ತಾರೆ. ಅಲ್ಲಿ ಕೂತು ಕೇಳಿಸಿಕೊಂಡರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಈ ಪ್ಲೇಟುಗಳೆಲ್ಲ ಫೋಲ್ಸಮ್ ಜೈಲಿನ ಕೈದಿಗಳು ಒತ್ತಿದ್ದು ಅಂತ ನನಗೆ ಗೊತ್ತಾದದ್ದು ಅಲ್ಲೇ. 1947ರಿಂದ ಕ್ಯಾಲಿಫೋರ್ನಿಯಾದ ಪ್ಲೇಟುಗಳು ಆ ಜೈಲಿನಲ್ಲೇ ತಯಾರಾಗುತ್ತಿವೆ.

ಮಾರುವವರ ಬಾಯಲ್ಲಿ ಪದೇ ಪದೇ ಬರುವ ಮಾತು ‘ಡಿಎಂವಿ ಕ್ಲಿಯರ್’. ಅಂದರೆ ಆ ನಂಬರ್ ಈಗ ಬೇರೆ ಯಾವ ಗಾಡಿಯ ಮೇಲೂ ದಾಖಲೆಯಲ್ಲಿ ಇಲ್ಲ ಅಂತ. ಇದು ಬರೀ ಮಾತಲ್ಲಿ ಸಾಲದು. ನಾನು ಮೊದಲು ಕೊಂಡ ಜೋಡಿ ನೋಡಲು ತುಂಬಾ ಚೆನ್ನಾಗಿತ್ತು. ಮಾರಿದವರು ಕ್ಲಿಯರ್ ಅಂತ ಖಡಾಖಂಡಿತವಾಗಿ ಹೇಳಿದ್ದರು. ಡಿಎಂವಿಯಲ್ಲಿ ಹಾಕಿ ನೋಡಿದರೆ ನಂಬರ್ ಇನ್ನೂ ಒಂದು ಗಾಡಿಯ ಹೆಸರಿನಲ್ಲಿತ್ತು. ಒಪ್ಪದಿದ್ದರೆ ದುಡ್ಡು ವಾಪಸ್ ಅಂತ ಕೊಳ್ಳುವಾಗಲೇ ಚೀಟಿಯಲ್ಲಿ ಬರೆಸಿಕೊಂಡಿದ್ದೆ, ಹಾಗಾಗಿ ನಷ್ಟವಾಗಲಿಲ್ಲ. ನೀವು ಕೊಳ್ಳುವುದಾದರೆ ಈ ಒಂದು ಸಾಲು ಬರೆಸಿಕೊಳ್ಳದೆ ದುಡ್ಡು ಕೊಡಬೇಡಿ.

ಎರಡನೇ ಜೋಡಿ ಅಷ್ಟು ಥಳಕಿನದ್ದಲ್ಲ. ಕಪ್ಪು ಬಣ್ಣ ಅಲ್ಲಲ್ಲಿ ಮಂಕಾಗಿದೆ. ಬೋಲ್ಟಿನ ತೂತಿನ ಸುತ್ತ ತುಕ್ಕಿನ ಉಂಗುರ ಇದೆ. ಮುಂದಿನ ಪ್ಲೇಟಿನ ಕೆಳ ಅಂಚು ಯಾವುದೋ ಪಾರ್ಕಿಂಗ್ ಕಟ್ಟೆಗೆ ತಾಗಿ ಸ್ವಲ್ಪ ಒಳಕ್ಕೆ ಬಗ್ಗಿದೆ. ಆದರೆ ಹಳದಿ ಅಕ್ಷರ ಒಂದೊಂದೂ ಗಟ್ಟಿಯಾಗಿದೆ, 65ರ ಸ್ಟಿಕ್ಕರ್ ಅದರ ಮೇಲೇ ಇದೆ, ಒಂದು ಮೂಲೆ ಮಾತ್ರ ಎದ್ದಿದೆ. ಹೊಸದಾಗಿ ಬಣ್ಣ ಹೊಡೆಸು ಅಂತ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಬಣ್ಣ ಹೊಡೆದ ಪ್ಲೇಟು ಕಣ್ಣಿಗೆ ಚೆಂದ, ನಿಜ. ಆದರೆ ಆ ಗೀರುಗಳೂ ಆ ಕಾಲದವೇ. ಸೋಪು ನೀರಿನಲ್ಲಿ ತೊಳೆದು, ಮೆತ್ತಗೆ ಒರೆಸಿ, ಒಂದು ಕೋಟು ಮೇಣ ಹಚ್ಚಿ ಬಿಟ್ಟೆ.

ಸಂತೆಯಲ್ಲಿ ಒಬ್ಬರು ಇನ್ನೊಂದು ಪ್ರಶ್ನೆ ಎತ್ತಿದ್ದರು. ನನ್ನ ಕಾರಿನ ಬಾಗಿಲ ಪಟ್ಟಿಯಲ್ಲಿ 14ಎಲ್ ಅಂತ ಇದೆ. ಫೋರ್ಡ್ ಲೆಕ್ಕದಲ್ಲಿ ಎಲ್ ಅಂದರೆ ನವೆಂಬರ್, ಅಂದರೆ ಈ ಕಾರು ತಯಾರಾದದ್ದು 1964ರ ನವೆಂಬರಿನಲ್ಲಿ. ಹಾಗಾದರೆ 64ರ ಸ್ಟಿಕ್ಕರ್ ಬೇಕಲ್ವಾ ಅಂತ ಅವರ ವಾದ. ಮಸ್ಟಾಂಗ್‌ನಲ್ಲಿ ಈ ಗೊಂದಲ ಹಳೆಯದು. 1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ ಅದು ಹೊರಬಂದಾಗಲೇ ಅದರ ಮಾಡೆಲ್ ವರ್ಷ 1965 ಅಂತಿತ್ತು. ಮೊದಲ ತಿಂಗಳುಗಳ ಕಾರನ್ನು ಜನ ‘ಅರವತ್ನಾಲ್ಕೂವರೆ’ ಅಂತಲೇ ಕರೆಯುತ್ತಾರೆ. ಕಾನೂನು ನೋಡುವುದು ಮಾಡೆಲ್ ವರ್ಷವನ್ನು, ತಯಾರಾದ ತಿಂಗಳನ್ನಲ್ಲ. ನೆವಾಡಾದ ಟೈಟಲ್‌ನಲ್ಲೂ, ಅಂದರೆ ಕಾರಿನ ಒಡೆತನದ ಕಾಗದದಲ್ಲೂ, 1965 ಅಂತಲೇ ಇತ್ತು. ಕೊಳ್ಳುವ ಮುಂಚೆ ಟೈಟಲ್‌ನಲ್ಲಿ ಯಾವ ವರ್ಷ ಇದೆ ಅಂತ ಮಾತ್ರ ನೋಡಿಕೊಳ್ಳಿ. ಕೆಲವು ಕಾರುಗಳಲ್ಲಿ ಅದು ಬೇರೆಯೇ ಇರುತ್ತದೆ, ಆಗ ಮೊದಲು ಅದನ್ನು ಸರಿ ಮಾಡಿಸಬೇಕು.

ಡಿಎಂವಿ ಕೌಂಟರಿನಲ್ಲಿದ್ದ ಹೆಂಗಸು ಈ ಅರ್ಜಿಯನ್ನು ಮುಂಚೆ ನೋಡಿರಲಿಲ್ಲ. ಅದನ್ನು ನೇರವಾಗಿ ಹೇಳಿ, ಕೈಪಿಡಿ ತೆಗೆದು ಓದಿಕೊಂಡರು. ಪ್ಲೇಟುಗಳನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು, ಹಿಂದುಮುಂದು ನೋಡಿದರು, ಸ್ಟಿಕ್ಕರಿನ ಎದ್ದ ಮೂಲೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರು. ನಂಬರ್ ಹಾಕಿದರು, ದಾಖಲೆಯಲ್ಲಿ ಯಾರ ಹೆಸರೂ ಬರಲಿಲ್ಲ. ‘ನಮ್ಮಪ್ಪನ ಹತ್ತಿರ ಇಂಥದ್ದೇ ಪ್ಲೇಟಿನ ಫಾಲ್ಕನ್ ಕಾರು ಇತ್ತು’ ಅಂದರು. ನಲವತ್ತೈದು ಡಾಲರ್ ಕಟ್ಟಿದೆ. ಬಿಳಿ ಪ್ಲೇಟು ವಾಪಸ್ ಕೊಟ್ಟೆ. ಈ ವರ್ಷದ ಸ್ಟಿಕ್ಕರ್ ಮತ್ತು ನೋಂದಣಿ ಚೀಟಿ ಕೈಗೆ ಬಂತು, ಅದರಲ್ಲಿ ಹಳೇ ನಂಬರ್ ಅಚ್ಚಾಗಿತ್ತು.

ಈಗಿನ ಸ್ಟಿಕ್ಕರನ್ನು ಹಳೇ ಸ್ಟಿಕ್ಕರಿನ ಮೇಲೆ ಅಂಟಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಹಳೇ ಕಾರಿನವರು ಪ್ಲೇಟಿನ ಬೋಲ್ಟಿಗೇ ಸಿಕ್ಕಿಸುವ ಒಂದು ಸಣ್ಣ ತಗಡಿನ ಪಟ್ಟಿ ಇಟ್ಟು ಅದರ ಮೇಲೆ ಅಂಟಿಸುತ್ತಾರೆ. ನಾನೂ ಹಾಗೇ ಮಾಡಿದೆ. ಪ್ಲೇಟು ಕೂರಿಸಲು ತೊಂದರೆ ಆಗಲಿಲ್ಲ. 1956ರಿಂದ ಅಮೆರಿಕ, ಕೆನಡಾ, ಮೆಕ್ಸಿಕೊ ಎಲ್ಲ ಕಡೆ ಪ್ಲೇಟಿನ ಅಳತೆ ಹನ್ನೆರಡು ಇಂಚು ಉದ್ದ, ಆರು ಇಂಚು ಅಗಲ. ತುಕ್ಕು ಹಿಡಿದ ತೂತುಗಳಿಗೆ ನೈಲಾನ್ ವಾಷರ್ ಹಾಕಿ ಬಿಗಿದೆ, ಬೋಲ್ಟು ನೇರವಾಗಿ ಹಳೇ ಬಣ್ಣಕ್ಕೆ ಉಜ್ಜಬಾರದು ಅಂತ.

ಇದೆಲ್ಲ ಕ್ಯಾಲಿಫೋರ್ನಿಯಾದ ಕತೆ. ರಾಜ್ಯದ ಗಡಿ ದಾಟಿದರೆ ಕಾನೂನೇ ಬೇರೆ. ಹಳೇ ಪ್ಲೇಟು ಹಾಕಲು ಬಿಡುವುದು ಒಂದು ವಿಷಯ, ಹಾಕಿದ ಮೇಲೆ ಎಷ್ಟು ಓಡಿಸಬಹುದು ಅನ್ನುವುದು ಇನ್ನೊಂದು. ಜನ ಮೊದಲನೆಯದನ್ನೇ ನೋಡುತ್ತಾರೆ, ನನ್ನ ಪ್ರಕಾರ ಮುಖ್ಯವಾದದ್ದು ಎರಡನೆಯದು.

ಕ್ಯಾಲಿಫೋರ್ನಿಯಾದಲ್ಲೇ ‘ಹಿಸ್ಟಾರಿಕಲ್ ವೆಹಿಕಲ್’ ಅಂತ ಬೇರೆ ಪ್ಲೇಟು ಉಂಟು. ಇಪ್ಪತ್ತೈದು ವರ್ಷ ದಾಟಿದ, ಇತಿಹಾಸದ ಮಹತ್ವ ಇರುವ ಗಾಡಿಗೆ ಕೊಡುತ್ತಾರೆ. ವರ್ಷದ ಖರ್ಚು ಕಮ್ಮಿ. ಆದರೆ ಪ್ರದರ್ಶನ, ಕ್ಲಬ್ಬಿನ ಓಡಾಟ ಇಂಥದ್ದಕ್ಕೆ ಮಾತ್ರ ಗಾಡಿ ತೆಗೆಯಬೇಕು. ವೈಓಎಂಗೆ ಆ ಕಟ್ಟು ಇಲ್ಲ. ಎಲ್ಲರ ಹಾಗೆ ಪೂರ್ತಿ ಶುಲ್ಕ ಕಟ್ಟುತ್ತೇನೆ, ಎಲ್ಲರ ಹಾಗೆ ಓಡಿಸುತ್ತೇನೆ. ತರಕಾರಿ ತರಲೂ ಹೋಗುತ್ತೇನೆ, ಆಫೀಸಿಗೂ ಹೋಗುತ್ತೇನೆ. ದುಡ್ಡು ಉಳಿಸುವುದಕ್ಕೆ ಹಿಸ್ಟಾರಿಕಲ್ ಮಾಡಿಸು ಅಂತ ಯಾರಾದರೂ ಹೇಳಿದರೆ, ವಾರಕ್ಕೆ ಎಷ್ಟು ಸಲ ಕಾರು ತೆಗೆಯುತ್ತೀರಿ ಅಂತ ಮೊದಲು ಯೋಚಿಸಿ.

ಓಹಾಯೋದಲ್ಲಿರುವ ಗೆಳೆಯನ ಷೆವಿ ಕಾರಿಗೆ ಅಲ್ಲಿಯ ಹಳೇ ಪ್ಲೇಟು ಇದೆ. ಅಲ್ಲಿ ಮೊದಲು ಹಿಸ್ಟಾರಿಕಲ್ ಅಂತಲೇ ನೋಂದಾಯಿಸಬೇಕು. ಆಮೇಲೆ ಕಾರಿನ ಮಾಡೆಲ್ ವರ್ಷದ ಪ್ಲೇಟನ್ನು ಹೊರಗೆ ಹಾಕಬಹುದು. ಆದರೆ ರಾಜ್ಯ ಕೊಟ್ಟ ಹಿಸ್ಟಾರಿಕಲ್ ಪ್ಲೇಟು ಸದಾ ಕಾರಿನೊಳಗೆ ಇರಬೇಕು. ಅವನು ಅದನ್ನು ಹಿಂದಿನ ಸೀಟಿನ ಕೆಳಗೆ ಟವೆಲ್ಲಿನಲ್ಲಿ ಸುತ್ತಿಟ್ಟಿದ್ದಾನೆ. ಓಡಾಟವೂ ಕ್ಲಬ್ಬು, ಪ್ರದರ್ಶನ, ಮೆರವಣಿಗೆ, ರಿಪೇರಿಗೆ ಹೋಗಿಬರುವುದು ಇಷ್ಟಕ್ಕೇ.

ಪೆನ್ಸಿಲ್ವೇನಿಯಾದಲ್ಲಿ 1906ರಿಂದ 1976ರವರೆಗಿನ ಅಲ್ಲಿಯ ಪ್ಲೇಟುಗಳಿಗೆ ಒಪ್ಪಿಗೆ ಇದೆ. ಆದರೆ ಇಪ್ಪತ್ತೈದು ವರ್ಷ ದಾಟಿದ ‘ಆಂಟಿಕ್’ ಗಾಡಿಯಲ್ಲಿ ಸುಮ್ನೆ ಸುತ್ತಾಡಲು ಹೋಗುವುದಿದ್ದರೆ ವಾರಕ್ಕೆ ಒಂದೇ ದಿನ.

ಟೆಕ್ಸಾಸ್ ಕತೆ ಕೇಳಲು ಡಲ್ಲಾಸ್‌ನ ಗೆಳೆಯನಿಗೆ ಫೋನ್ ಮಾಡಿದ್ದೆ. ಅವನು ಹುಬ್ಬಳ್ಳಿಯವನು. ‘ಆಂಟಿಕ್ ಮಾಡಿಸಬ್ಯಾಡೋ ಮಾರಾಯಾ, ಗ್ಯಾರೇಜಿನಾಗ ಇಟ್ಟು ನೋಡ್ಕೋತ ಕೂಡ್ಬೇಕಾಗ್ತದ. ಕ್ಲಾಸಿಕ್ ಮಾಡಿಸು’ ಅಂದ. ಅಲ್ಲಿ ಎರಡು ದಾರಿ. ಆಂಟಿಕ್ ಪ್ಲೇಟಿಗೆ ಐದು ವರ್ಷಕ್ಕೆ ಐವತ್ತು ಡಾಲರ್ ಅಷ್ಟೇ, ಆದರೆ ದಿನನಿತ್ಯ ಓಡಿಸುವಂತಿಲ್ಲ. ಕ್ಲಾಸಿಕ್ ಪ್ಲೇಟಿಗೆ ವರ್ಷ ವರ್ಷ ಕಟ್ಟಬೇಕು, ಓಡಾಟಕ್ಕೆ ಅಡ್ಡಿ ಇಲ್ಲ. ಎರಡರಲ್ಲೂ ಕಾರಿನ ವರ್ಷದ ಹಳೇ ಟೆಕ್ಸಾಸ್ ಪ್ಲೇಟನ್ನು ಇಲಾಖೆಗೆ ತೋರಿಸಿ ಒಪ್ಪಿಗೆ ಪಡೆದು ಹಾಕಬಹುದು. ಆ ಕಾಲದಲ್ಲಿ ಟೆಕ್ಸಾಸ್‌ನವರು ಪ್ರತಿ ವರ್ಷ ಹೊಸ ಪ್ಲೇಟನ್ನೇ ಕೊಡುತ್ತಿದ್ದರು, ಹಾಗಾಗಿ ಅಲ್ಲಿ ಸ್ಟಿಕ್ಕರ್ ಹುಡುಕುವ ಪಾಡಿಲ್ಲ, 65 ಅಂತ ಪ್ಲೇಟಿನ ಮೇಲೇ ಒತ್ತಿರುತ್ತದೆ.

ಎಲ್ಲ ಕಡೆ ಒಂದು ಮಾತು ಮಾತ್ರ ಒಂದೇ: ಕಾರು ಯಾವ ರಾಜ್ಯದಲ್ಲಿ ನೋಂದಣಿ ಆಗಿದೆಯೋ ಆ ರಾಜ್ಯದ ಹಳೇ ಪ್ಲೇಟೇ ಬೇಕು. ನೆವಾಡಾದಲ್ಲಿ ಬಹಳ ವರ್ಷ ಓಡಿದ್ದರೂ ನನ್ನ ಕಾರಿಗೆ ಇಲ್ಲಿ ನೆವಾಡಾ ಪ್ಲೇಟು ಹಾಕುವಂತಿಲ್ಲ. ಬೇರೆ ರಾಜ್ಯಕ್ಕೆ ಡ್ರೈವ್ ಹೋದಾಗ ನೋಂದಣಿ ಚೀಟಿ ಕೈಗೆಟಕುವ ಹಾಗೆ ಇಟ್ಟುಕೊಳ್ಳಿ. ಅಲ್ಲಿನ ಪೊಲೀಸರಿಗೆ ಇಂಥ ಪ್ಲೇಟು ಹೊಸದಾಗಿ ಕಾಣಬಹುದು.

ಪ್ಲೇಟು ಬದಲಾದ ದಿನವೇ ಇನ್ಶೂರೆನ್ಸಿನವರಿಗೆ ಹೊಸ ನಂಬರ್ ತಿಳಿಸಬೇಕು. ಫಾಸ್ಟ್ರ್ಯಾಕ್ ಟೋಲ್ ಖಾತೆಗೂ ಸೇರಿಸಬೇಕು. ಬೇ ಏರಿಯಾದ ಸೇತುವೆಗಳಲ್ಲಿ ಕ್ಯಾಮೆರಾ ಪ್ಲೇಟು ಓದುತ್ತದೆ, ಖಾತೆಯಲ್ಲಿ ಬಿಳಿ ಪ್ಲೇಟಿನ ನಂಬರೇ ಇದ್ದರೆ ಮನೆಗೆ ನೋಟಿಸ್ ಬರುತ್ತದೆ.

ಮೈಸೂರಿನಲ್ಲಿ ನಮ್ಮ ಸೋದರಮಾವನ ಮನೆಯಲ್ಲಿ 1964ರ ಫಿಯಟ್ 1100 ಇದೆ. ರಾಜ್ಯಕ್ಕೆ ಇನ್ನೂ ಮೈಸೂರು ಅಂತಲೇ ಹೆಸರಿದ್ದ ಕಾಲದ ಎಂವೈ ನಂಬರ್ ಅದರ ಮೇಲಿದೆ, ಮೊದಲಿನಿಂದಲೂ ಅದೇ ನಂಬರ್. ನನ್ನ ಪ್ಲೇಟಿನ ಫೋಟೋ ನೋಡಿ ಮಾವ ಫೋನ್ ಮಾಡಿದರು. ‘ನಾವೂ ವಿಂಟೇಜ್ ಮಾಡಿಸಬೇಕೇನೋ?’ ಅಂತ ಕೇಳಿದರು.

ಭಾರತದಲ್ಲಿ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು. ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಗಾಡಿಗಳಿಗೆ ಅದು ಅನ್ವಯ. ಅರ್ಜಿ ಪರಿವಾಹನ್ ಪೋರ್ಟಲ್‌ನಲ್ಲಿ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ಆಮೇಲಿನ ನವೀಕರಣಕ್ಕೆ 5,000. ಹೊಸ ನಂಬರಾದರೆ ರಾಜ್ಯದ ಅಕ್ಷರ ಆದಮೇಲೆ ವಿಎ ಅಂತ ಬರುತ್ತದೆ. ಮೊದಲೇ ನೋಂದಣಿ ಇರುವ ಗಾಡಿ ತನ್ನ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಇದು ನಿಜಕ್ಕೂ ಒಳ್ಳೆಯ ನಿಯಮ. ಇಲ್ಲಿ ನಾವು ಸಂತೆ ಸಂತೆ ಅಲೆದು ಯಾರದೋ ಕಾರಿನ ಪ್ಲೇಟು ತರುತ್ತೇವೆ, ಅಲ್ಲಿ ಕಾರಿನ ಸ್ವಂತ ನಂಬರೇ ಅದರ ಜೊತೆ ಉಳಿಯುತ್ತದೆ. ಆದರೆ ವಿಂಟೇಜ್ ಅಂತ ಆದಮೇಲೆ ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇವಿಷ್ಟಕ್ಕೆ ಮಾತ್ರ ರಸ್ತೆಗೆ.

ಇದನ್ನೆಲ್ಲ ಮಾವನಿಗೆ ಹೇಳಿದೆ. ‘ಹಾಗಾದ್ರೆ ನಿಮ್ಮತ್ತೆ ಜೊತೆ ನಂಜನಗೂಡಿಗೆ ಹೋಗೋ ಹಾಗಿಲ್ವಾ?’ ಅಂದರು. ‘ವಿಂಟೇಜ್ ಮಾಡಿಸಿದರೆ ಇಲ್ಲ ಮಾವ’ ಅಂದೆ. ಅವರು ಮಾಡಿಸಲಿಲ್ಲ. ಮಾಮೂಲಿ ಖಾಸಗಿ ಕಾರಿನ ಹಾಗೆ ಐದು ವರ್ಷಕ್ಕೊಮ್ಮೆ ಆರ್‌ಟಿಓಗೆ ಒಯ್ದು ತೋರಿಸಿ ನವೀಕರಣ ಮಾಡಿಸುತ್ತಾ ಬಂದಿದ್ದಾರೆ. ಈ ಸಲದ್ದಕ್ಕೆ ಮುಂಚೆ ಹಿಂದಿನ ಬ್ರೇಕ್ ಶೂ ಬದಲಾಯಿಸಬೇಕಂತೆ, ಮಂಡಿ ಮೊಹಲ್ಲಾದಲ್ಲಿ ವಿಚಾರಿಸುತ್ತಿದ್ದಾರೆ.